ಎರಡನೇ ಪಂಚ

“ಮಾಮ, ಮುಂಡಪ್ಪಣ್ಣನಿಗೆ ಬರೆಯಲಿಕ್ಕೆ ಬರ್ತಿತ್ತಾ?”

ಗಲ್ಲಾದಲ್ಲಿ ಕುಳಿತು ಬಿಲ್ಲುಗಳನ್ನು ಕಡ್ಡಿಗೆ ಚುಚ್ಚುತ್ತಿದ್ದ ತಾರಾನಾಥ ಶೆಟ್ಟರು ತಲೆ ಎತ್ತಲಿಲ್ಲ. ಆದರೆ ಚುಚ್ಚಲು ಹೋದ ಬಿಲ್ಲು ಕಡ್ಡಿಯ ತುದಿಯಲ್ಲೇ ನಿಂತಿತು. ಸರ್ಕಾರಿ ವಕೀಲೆ ಅಪರ್ಣಾಳಿಗೆ ಅಷ್ಟು ಸಾಕಾಯಿತು. ತಂದೆಯಿಲ್ಲದ ಅವಳು ತಾಯಿಯ ಅಣ್ಣನಾದ ಈ ಮನುಷ್ಯನ ಮುಖ ನೋಡಿಯೇ ಬೆಳೆದವಳು. ಅವರ ಸುಳ್ಳು ಬಾಯಿಗೆ ಬರುವ ಮೊದಲು ಕೈಯಲ್ಲಿ ಕಾಣಿಸಿಕೊಳ್ಳುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಎಂತ ಮಾರಾಯ್ತಿ, ಊಟದ ಹೊತ್ತಿಗೆ ಬಂದು ಸತ್ತವನ ವಿದ್ಯಾಭ್ಯಾಸ ಕೇಳ್ತೀ! ಕೂತ್ಕೋ. ಇವತ್ತು ಹೆಸರುಬೇಳೆ ಕೋಸಂಬರಿ ಉಂಟು.”

“ಕೂರಲಿಕ್ಕೆ ಪುರುಸೊತ್ತಿಲ್ಲ. ಎರಡೂಮುಕ್ಕಾಲಿಗೆ ನಾನು ಕಲ್ಯಾಣದ ಕೋರ್ಟಿನಲ್ಲಿರಬೇಕು. ಬರ್ತಿತ್ತಾ, ಇಲ್ಲವಾ?”

“ಬರ್ತಿತ್ತು,” ಅಂದರು ಶೆಟ್ಟರು. “ಸ್ವಲ್ಪ ಸ್ವಲ್ಪ.”

ಸ್ವಲ್ಪವೂ ಬರುತ್ತಿರಲಿಲ್ಲ. ಮುಂಡಪ್ಪ ಈ ಹೋಟೆಲ್ ಸುಮುಖದ ದೋಸೆಕಲ್ಲಿನ ಮುಂದೆ ಇಪ್ಪತ್ತು ವರ್ಷ ನಿಂತವನು. ಊರಿನಿಂದ ಬಂದ ಕಾಗದವನ್ನು ಅವನಿಗೆ ಓದಿ ಹೇಳುತ್ತಿದ್ದವಳು ಹೈಸ್ಕೂಲಿನ ಅಪರ್ಣಾಳೇ. ಯಾರಾದರೂ ಅವನನ್ನೇ ಕರೆದು ಸಹಿ ಕೇಳಿದರೆ ಅವನು ಹಿಟ್ಟಿನ ಕೈ ಒರೆಸಿಕೊಂಡು ಹೆಬ್ಬೆಟ್ಟು ಮುಂದೆ ಮಾಡುತ್ತಿದ್ದ.

ಅಂಥವನ ಸಹಿ ಒಂದು ಗಂಟೆಯ ಹಿಂದೆ ಸಿಕ್ಕಿತ್ತು. ಫೋನು ಮಾಡಿದವರು ಸರ್ಕಾರಿ ವಕೀಲರ ಕಚೇರಿಯ ಗುಮಾಸ್ತ ಹಣಮಂತ್ರಾಯ, ಅಕ್ಕಲಕೋಟೆ ಕಡೆಯ ಮನುಷ್ಯ.

“ಮೇಡಮ್ಮಾರ, ಅಸಲು ಪಂಚನಾಮೆ ಸಿಕ್ತು ನೋಡ್ರಿ. ನಮ್ಮ ಫೈಲಿನಾಗ ಇರೂದು ಬರೇ ನಕಲು. ಅದರಾಗ ಎರಡೂ ಕಡಿ ‘ಸಹಿ ಇದೆ’ ಅಂತ ಅಷ್ಟ ಬರದಾರ. ಅಸಲಿನಾಗ ಒಂದು ಸಹಿ ಇಂಗ್ಲೀಷಿನಾಗ ಅದ, ಆ ಹೋಟೆಲ್ ಶೆಟ್ಟೀದು. ಇನ್ನೊಂದು ಕನ್ನಡದಾಗ ಅದರಿ! ಮುಂಡಪ್ಪ ಅಂತ. ಏನ್ ಅಕ್ಷರ್ರೀ ಅವು, ಮುತ್ತು ಪೋಣಿಸಿದಂಗ ಅದಾವ.”

ಎಂಟು ವರ್ಷದಲ್ಲಿ ಆರು ಮಂದಿ ಸರ್ಕಾರಿ ವಕೀಲರು ಆ ನಕಲನ್ನೇ ತಿರುವಿ ಹಾಕಿ ಮುಂದಿನ ತಾರೀಖು ಕೇಳಿದ್ದರು. ಅಸಲು ಕಾಗದವನ್ನೊಮ್ಮೆ ನೋಡೋಣವೆಂದು ಒಬ್ಬ ಪುಣ್ಯಾತ್ಮನಿಗೂ ಅನಿಸಿರಲಿಲ್ಲ.

ಪೊಲೀಸರು ಎಲ್ಲಿಯಾದರೂ ಮಾಲು ಹಿಡಿದರೆ, ಪಕ್ಕದಲ್ಲಿ ನಿಂತು ಅದನ್ನು ಕಣ್ಣಾರೆ ನೋಡಿದ ಇಬ್ಬರು ಸಂಭಾವಿತರು ಕಾಗದಕ್ಕೆ ಸಹಿ ಹಾಕಬೇಕು. ಕಾಗದ ಪಂಚನಾಮೆ, ಆ ಇಬ್ಬರು ಪಂಚರು. ಸಂಭಾವಿತರನ್ನು ಹುಡುಕಿಕೊಂಡು ಬೀದಿ ಸುತ್ತುವ ತಾಳ್ಮೆ ಯಾರಿಗಿದೆ? ಡೊಂಬಿವಲಿಯ ಪೊಲೀಸ್ ಠಾಣೆಯ ಕಿಟಕಿ ತೆರೆದರೆ ಎದುರಿಗೇ ಹೋಟೆಲ್ ಸುಮುಖದ ಬೋರ್ಡು ಕಾಣುತ್ತದೆ. ಚಹಾ ಅಲ್ಲಿಂದಲೇ, ಪಂಚರೂ ಅಲ್ಲಿಂದಲೇ.

ಹೋದ ತಿಂಗಳು ಹಳೆಯ ಫೈಲುಗಳ ಪಟ್ಟಿ ಮಾಡುವಾಗ ಪಂಚ ತಾರಾನಾಥ ಶೆಟ್ಟಿ ಎಂಬ ಹೆಸರು ಅಪರ್ಣಾಳಿಗೆ ನಲವತ್ತೊಂದು ಸಲ ಸಿಕ್ಕಿತ್ತು. ಅಂದಿನಿಂದ ಅವಳಿಗೆ ನೆಟ್ಟಗೆ ನಿದ್ದೆಯಿಲ್ಲ.

ಆ ಪಟ್ಟಿಯೂ ಅವಳೇ ಮೈಮೇಲೆ ಎಳೆದುಕೊಂಡದ್ದು. ಥಾಣೆ ಜಿಲ್ಲೆಯ ಹೊಸ ಮುಖ್ಯ ಸರ್ಕಾರಿ ವಕೀಲರು ಬಂದ ಹೊಸದರಲ್ಲಿ ಎಲ್ಲರಿಗೂ ಒಂದು ಪ್ರಶ್ನೆ ಕಳಿಸಿದ್ದರು: ನಮ್ಮ ಕಚೇರಿಯಲ್ಲಿ ಮೊದಲು ಸುಧಾರಿಸಬೇಕಾದದ್ದು ಯಾವುದು? ಒಬ್ಬರು ಜೆರಾಕ್ಸ್ ಮಿಷನ್ನು ಅಂದರು, ಇನ್ನೊಬ್ಬರು ಕುರ್ಚಿ ಅಂದರು. ಅಪರ್ಣಾ ಮೂರು ಪುಟ ಬರೆದಳು. ತೀರ್ಪಿಲ್ಲದೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಜೈಲಿನಲ್ಲಿ ಕೊಳೆಯುತ್ತಿರುವವರ ಫೈಲು ಮೊದಲು ಮೇಲೆ ಬರಲಿ ಎಂದಳು. ಎಂದೂ ಬಾರದ ಸಾಕ್ಷಿಗಾಗಿ ಸರ್ಕಾರ ತಾರೀಖಿನ ಮೇಲೆ ತಾರೀಖು ಕೇಳುವ ಚಾಳಿ ನಿಲ್ಲಲಿ, ಒಬ್ಬನೇ ಮನುಷ್ಯ ಕೇಸಿನ ಮೇಲೆ ಕೇಸಿಗೆ ಪಂಚನಾಗಿದ್ದರೆ ಅಂಥ ಕೇಸುಗಳನ್ನು ಕೆದಕಿ ನೋಡೋಣ ಎಂದೂ ಸೇರಿಸಿದಳು. ಮುಖ್ಯಸ್ಥರಿಗೆ ಹಿಡಿಸಿತು. “ಹಾಗಾದರೆ ಕಲ್ಯಾಣದಿಂದಲೇ ಶುರುಮಾಡಿ” ಅಂದರು. ಪಕ್ಕದವರ ಅಂಗಳ ಗುಡಿಸಲು ಹೊರಟವಳ ಪೊರಕೆಗೆ ಮೊದಲು ಸಿಕ್ಕಿದ್ದು ತನ್ನದೇ ಮನೆಯ ಕಸ.

ನಲವತ್ತೊಂದರಲ್ಲಿ ನಲವತ್ತು ಹೇಗೋ ಮುಗಿದಿದ್ದವು. ಉಳಿದದ್ದು ಒಂದು, ಸೈದಪ್ಪನದು.

ಯಾದಗಿರಿ ಕಡೆಯ ಸೈದಪ್ಪ ಡೊಂಬಿವಲಿಯ ಒಂದು ವಸತಿ ಸೊಸೈಟಿಯಲ್ಲಿ ಗೋಡೆಗೆ ಗಿಲಾಯಿ ಬಳಿಯುವ ಕೆಲಸ ಮಾಡುತ್ತಿದ್ದ. ೨೦೦೮ರ ಆಗಸ್ಟಿನಲ್ಲಿ ಅದೇ ಕಟ್ಟಡದ ಮೂರನೇ ಮಹಡಿಯ ಮುದುಕಿ ಪ್ರಫುಲ್ಲಾಬಾಯಿಯ ಕುತ್ತಿಗೆಯ ಚಿನ್ನದ ಸರವನ್ನು ಯಾರೋ ಕಿತ್ತರು. ಆಕೆ ಮೆಟ್ಟಿಲಿನಿಂದ ಉರುಳಿ ಸತ್ತಳು. ಎರಡು ದಿನ ಬಿಟ್ಟು, ಪಕ್ಕದ ದಿವಾ ಊರಿನಲ್ಲಿದ್ದ ಸೈದಪ್ಪನ ಖೋಲಿಯಲ್ಲಿ, ನೆಲದ ಫರಸಿಕಲ್ಲಿನ ಕೆಳಗೆ ಆ ಸರ ಸಿಕ್ಕಿತೆಂದು ಪಂಚನಾಮೆಯಾಯಿತು. ಕೇಸಿಗಿದ್ದ ಊರುಗೋಲು ಅದೊಂದೇ. ಆಗ ಇಪ್ಪತ್ತನಾಲ್ಕರ ಹುಡುಗ, ಈಗ ಮೂವತ್ತೆರಡು. ಅವನು ಒಳಗೆ ಹೋದ ಮೇಲೆ ಹುಟ್ಟಿದ ಮಗಳು ಮೂರನೇ ಇಯತ್ತೆಯಲ್ಲಿ ಓದುತ್ತಿದ್ದಾಳೆ.

ಮೊದಲನೇ ಪಂಚ ತಾರಾನಾಥ ಶೆಟ್ಟಿ ಮೂರು ವರ್ಷದ ಹಿಂದೆ ಕಟಕಟೆ ಹತ್ತಿ, “ಹೌದು, ಸರ ಸಿಕ್ಕಿದ್ದು ನಾನು ನೋಡಿದ್ದೇನೆ” ಎಂದು ಹೇಳಿ ಬಂದಿದ್ದರು. ಎರಡನೇ ಪಂಚ ಮುಂಡಪ್ಪನಿಗೆ ಸಮನ್ಸ್ ಹೋಗುತ್ತಲೇ ಇತ್ತು, ‘ವಿಳಾಸದಲ್ಲಿಲ್ಲ’ ಎಂದು ತಿರುಗಿ ಬರುತ್ತಲೇ ಇತ್ತು. ಅವನು ಕಾರ್ಕಳದ ಹತ್ತಿರದ ತನ್ನೂರಿನಲ್ಲಿ ೨೦೦೯ರಲ್ಲೇ ಸತ್ತನೆಂದು ಅಪರ್ಣಾ ಹೋದ ವಾರವಷ್ಟೇ ಪತ್ತೆ ಮಾಡಿದ್ದಳು. ಇವತ್ತು ಕೊನೆಯ ಅವಕಾಶ ಎಂದಿದ್ದರು ನ್ಯಾಯಾಧೀಶರು. ಎರಡನೇ ಪಂಚ ಬರದಿದ್ದರೆ ಮೊದಲನೆಯವನ ಮಾತಿನ ಮೇಲೆಯೇ ತೀರ್ಪು. ಅಂದರೆ ಸೈದಪ್ಪನ ಬದುಕು ಈಗ ಮಾಮನ ನಾಲಗೆಯ ಮೇಲಿತ್ತು.

“ಒಳಗೆ ಬನ್ನಿ,” ಅಂದಳು ಅಪರ್ಣಾ.

ಉಗ್ರಾಣದಲ್ಲಿ ಅಕ್ಕಿಮೂಟೆಗಳ ನಡುವೆ ಇಬ್ಬರೇ ನಿಂತರು. ಗೋಡೆಯಾಚೆ ಹಿಟ್ಟು ರುಬ್ಬುವ ಯಂತ್ರ ಗುರುಗುಡುತ್ತಿತ್ತು. ಇಬ್ಬರೇ ಇದ್ದಾಗ ಮಾಮ ಸೋದರಸೊಸೆಯದು ಯಾವಾಗಲೂ ತುಳು. ಇವತ್ತು ಅಪರ್ಣಾ ಬೇಕೆಂದೇ ಕನ್ನಡ ಹಿಡಿದಿದ್ದಳು. ತುಳುವಿನಲ್ಲಿ ಮಾಮನಿಗೆ ಪಾಟೀಸವಾಲು ಹಾಕುವ ಎದೆಗಾರಿಕೆ ಅವಳಿಗಿರಲಿಲ್ಲ.

“ಆ ದಿನ ನೀವು ದಿವಾಕ್ಕೆ ಹೋಗಿದ್ದಿರಾ?”

“ಹೋಗಿದ್ದೆ. ಕೋರ್ಟಿನಲ್ಲಿ ಹೇಳಿಯೂ ಆಯ್ತು.”

“ಎಷ್ಟು ಹೊತ್ತಿಗೆ?”

“ಪಂಚನಾಮೆಯಲ್ಲಿ ಬರ್ದಿದ್ದಾರಲ್ಲ, ಸಂಜೆ ಐದೂವರೆಯಿಂದ ಏಳೂ ನಲವತ್ತು. ಓದ್ಲಿಕ್ಕೆ ನಿನಗೂ ಬರ್ತದಲ್ಲ?”

ಅಪರ್ಣಾ ಚೀಲದಿಂದ ಒಂದು ಹಳದಿ ಕಾಗದ ತೆಗೆದಳು. ಅವಳ ಅಮ್ಮ ಸತ್ಯಭಾಮಾ ಅವರು ಶನಿಪೂಜಾ ಸಮಿತಿಯ ಒಂದು ಆಮಂತ್ರಣವನ್ನೂ ಎಸೆದವರಲ್ಲ. ಸೀರೆಗಳ ಕೆಳಗೆ ಮೂವತ್ತು ವರ್ಷದ್ದು ಪೇರಿಸಿಟ್ಟಿದ್ದಾರೆ.

“೨೦೦೮ ಆಗಸ್ಟ್ ಒಂಬತ್ತು, ಪಂಚನಾಮೆಯ ದಿನವೇ. ಶ್ರಾವಣ ಶನಿವಾರ. ಡೊಂಬಿವಲಿಯಲ್ಲಿ ಗ್ರಂಥ ಪಾರಾಯಣ, ಸಂಜೆ ನಾಲ್ಕಕ್ಕೆ ಶುರು, ರಾತ್ರಿ ಒಂಬತ್ತಕ್ಕೆ ಮಂಗಳ. ಅರ್ಥ ಹೇಳುವವರು ತಾರಾನಾಥ ಶೆಟ್ಟಿ.”

ಶೆಟ್ಟರು ಕಾಗದವನ್ನು ಕೈಗೂ ತೆಗೆದುಕೊಳ್ಳಲಿಲ್ಲ. ನಕ್ಕರು.

“ಕಾಗದದಲ್ಲಿ ಹೆಸರು ಇದ್ದ ಮಾತ್ರಕ್ಕೆ ಜನ ಬಂದೇ ಬರ್ತಾರಾ? ಮಂತ್ರಿಗಳ ಹೆಸರೂ ಹಾಕ್ತೇವೆ. ಒಬ್ಬನಾದ್ರೂ ಬಂದದ್ದುಂಟಾ? ಇದನ್ನು ಹಿಡ್ಕೊಂಡು ಜಡ್ಜ್ ಮುಂದೆ ಹೋದ್ರೆ ನಿನ್ನನ್ನೇ ನಗಾಡ್ತಾರೆ.”

ಅದು ನಿಜವೇ. ಆದರೆ ಅಪರ್ಣಾ ಆ ಕಾಗದವನ್ನು ಜಡ್ಜ್‌ಗೆ ತೋರಿಸಲು ತಂದಿರಲಿಲ್ಲ.

“ಹಾಗಾದರೆ ನೀವು ಬಂದೇ ಇರಲಿಲ್ಲ?”

“ಬಂದಿದ್ದೆ. ಬಂದು, ಮತ್ತೆ... ಪೊಲೀಸರು ಕರೆದ್ರು. ಹೋದೆ.”

“ಓಹೋ. ಶ್ರಾವಣ ಶನಿವಾರ, ಕಲಶ ಇಟ್ಟು ದೀಪ ಹಚ್ಚಿ ಪಾರಾಯಣ ಶುರುವಾದ ಮೇಲೆ, ಜನರೆಲ್ಲ ಕೈಮುಗಿದು ಕೂತಿರುವಾಗ, ಅರ್ಥ ಅರ್ಧಕ್ಕೆ ಬಿಟ್ಟು ಎದ್ದು ದಿವಾಕ್ಕೆ ಹೋದಿರಿ. ಆ ಅಪಚಾರಕ್ಕೆ ಸಮಿತಿಯವರು ಏನೂ ಅನ್ನಲಿಲ್ಲವಾ ಮಾಮ?”

“ಎಂತದು?”

“ಪಾರಾಯಣದ ನಡುವೆ ಎದ್ದು ಹೋದ ಅರ್ಥಧಾರಿ ಅಂತ ಊರಿಡೀ ಆಡಿಕೊಂಡಿರಬೇಕು. ನನ್ನ ಕಿವಿಗೆ ಮಾತ್ರ ಬಿದ್ದಿಲ್ಲ.”

ಶೆಟ್ಟರ ಮುಖ ಕೆಂಪಾಯಿತು. ನಲವತ್ತೊಂದು ಸಹಿ ಹಾಕಲು ಅಳುಕದ ಮನುಷ್ಯ ಈ ಒಂದು ಮಾತಿಗೆ ಕುದಿದು ಹೋದರು.

“ಏನೆಂದೆ? ನಾನು ಏಳುವುದೆ? ದೀಪ ಹಚ್ಚಿ ಕುಳಿತ ಮೇಲೆ ಮಂಗಳವಾಗದೆ ಈ ತಾರಾನಾಥ ಎದ್ದ ದಾಖಲೆ ಮೂವತ್ತು ವರ್ಷಗಳಲ್ಲಿ ಇಲ್ಲ! ಜ್ವರವಿದ್ದರೂ ಎದ್ದಿಲ್ಲ. ನನ್ನ ಅಪ್ಪ ಹೋದ ಸುದ್ದಿ ಬಂದಾಗಲೂ...”

ಸಿಟ್ಟು ಬಂದರೆ ಮಾಮನ ಬಾಯಲ್ಲಿ ಬರುವುದು ಗ್ರಂಥದ ಕನ್ನಡ. ಅದು ನಡುವೆಯೇ ತುಂಡಾಯಿತು. ತಾನು ಏನು ಹೇಳಿಬಿಟ್ಟೆನೆಂದು ಅವರಿಗೆ ಅರಿವಾಗುವಷ್ಟರಲ್ಲಿ ಹೇಳಿ ಆಗಿತ್ತು.

ಅಪರ್ಣಾ ಹಳದಿ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದಳು. ಗೆದ್ದ ಖುಷಿ ಆಗಲಿಲ್ಲ.

“ದೊಡ್ಡ ವಕೀಲ್ತಿ ಆಗಿದ್ದಿ,” ಅಂದರು ಶೆಟ್ಟರು, ಮೂಟೆಯೊಂದರ ಮೇಲೆ ಕುಳಿತುಕೊಳ್ಳುತ್ತ. “ನನ್ನ ಹೋಟೆಲಿನ ಅನ್ನ ಉಂಡು ಕಲಿತ ವಿದ್ಯೆ.”

“ಅದಕ್ಕೇ ನಿಮ್ಮ ಹತ್ತಿರವೇ ಬಂದದ್ದು. ಸಹಿ ಯಾವಾಗ ಹಾಕಿದಿರಿ?”

“ಮರುದಿನ. ಆದಿತ್ಯವಾರ ಬೆಳಿಗ್ಗೆ. ಆಗಿನ ಸಬ್ ಇನ್‌ಸ್ಪೆಕ್ಟರ್ ಧುಮಾಳ್, ಈಗ ನವಿ ಮುಂಬೈಯಲ್ಲಿ ದೊಡ್ಡ ಕುರ್ಚಿಯಲ್ಲಿದ್ದಾನಲ್ಲ, ಅವನೇ ಬಂದ. ಕೈತೊಳೆಯುವ ಬೇಸಿನ್ ಹತ್ತಿರದ ಟೇಬಲಿನಲ್ಲಿ ಕೂತ. ಕಾಗದ ಪೂರಾ ಬರೆದು ತಂದಿದ್ದ. ‘ಶೇಟ್, ಒಂದು ಸಹಿ’ ಅಂದ. ಹಾಕಿದೆ.”

“ಓದಲಿಲ್ಲ?”

“ಯಾವಾಗ ಓದಿದ್ದೇನೆ? ಎದುರಿಗೆ ಠಾಣೆ, ಇಲ್ಲಿ ನಾನು. ಅವರಿಗೆ ಇಲ್ಲ ಅಂದವನ ಹೋಟೆಲು ಎಷ್ಟು ದಿನ ನಡೀತದೆ? ನೆರೆಕರೆಯವರು ಸಕ್ಕರೆ ಕೇಳಿದ್ರೆ ಕೊಡುದಿಲ್ವಾ? ಇದೂ ಹಾಗೆ ಅಂದ್ಕೊಂಡೆ. ಕಳ್ಳರನ್ನು ಹಿಡಿಯುವವರು ಅವರು, ಅವರಿಗೆ ಗೊತ್ತಿರ್ತದೆ ಅಂತ.”

“ಸರ ನೋಡಿದಿರಾ?”

ಶೆಟ್ಟರು ಎದ್ದು ಉಗ್ರಾಣದ ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

“ನೋಡಿದೆ. ಅದನ್ನೇ ಎಂಟು ವರ್ಷದಿಂದ ನುಂಗಿಕೊಂಡಿದ್ದೇನೆ. ಧುಮಾಳನ ಎದುರಿಗೆ ಇನ್ನೊಬ್ಬ ಕೂತಿದ್ದ. ಜಯಶೀಲ. ಸರ ಅವನ ಅಂಗಿಯ ಕಿಸೆಯಿಂದ ಬಂತು.”

ಜಯಶೀಲ ಪ್ರಫುಲ್ಲಾಬಾಯಿಯ ಒಬ್ಬನೇ ಮಗ. ಕೋರ್ಟಿನಲ್ಲಿ ಆ ಸರ ಹಿಡಿದು, “ಇದು ನನ್ನ ತಾಯಿಯದೇ” ಎಂದು ಗಳಗಳ ಅತ್ತವನು.

“ಕಿತ್ತುಕೊಂಡು ಹೋದ ಸರ ಮಗನ ಕಿಸೆಯಲ್ಲಿ ಹೇಗೆ ಬಂತು ಅಂತ ನೀವು ಕೇಳಲಿಲ್ಲ?”

“ಕೇಳಿದ್ರೆ ಉತ್ತರ ಬರ್ತದಲ್ಲ ಮಗಾ. ಅದು ಹೆದರಿಕೆ.”

ಯಂತ್ರ ನಿಂತಿತು. ಆಚೆ ಯಾರೋ ಹಿಟ್ಟು ತೋಡುವ ಸದ್ದು ಕೇಳಿತು. ಅಪರ್ಣಾ ದನಿ ತಗ್ಗಿಸಿದಳು.

“ಮಾಮ, ಇದನ್ನೇ ಇವತ್ತು ಕೋರ್ಟಿನಲ್ಲಿ ಹೇಳಿ. ನಾನು ಅರ್ಜಿ ಹಾಕುತ್ತೇನೆ. ನಿಮ್ಮನ್ನು ಮತ್ತೆ ಕರೆಸಬಹುದು.”

“ನನ್ನಿಂದ ಆಗುದಿಲ್ಲ. ಕೋರ್ಟಿನಲ್ಲಿ ಒಮ್ಮೆ ಆಣೆ ಹಾಕಿ ಸುಳ್ಳು ಹೇಳಿದ್ದೇನೆ. ಈಗ ಸುಳ್ಳು ಅಂತ ಒಪ್ಪಿದ್ರೆ ನಾನು ಒಳಗೆ. ಅರವತ್ತೆಂಟು ವರ್ಷ ಆಯ್ತು ನನಗೆ.”

“ಸರಿ. ನೀವು ಬೇಡ. ಎರಡನೇ ಸಹಿ ಹಾಕಿದವರು ಯಾರು ಹೇಳಿ. ಮುಂಡಪ್ಪಣ್ಣ ಆ ವರ್ಷ ಬೇಸಗೆಯಲ್ಲೇ ಊರಿಗೆ ಹೋಗಿದ್ದ. ಇದ್ದಿದ್ದರೂ ಅವನಿಗೆ ಅಕ್ಷರ ಬರುವುದಿಲ್ಲ. ಅವನ ಹೆಸರು ಬರೆದ ಕೈ ಯಾವುದು?”

“ಬೇಡ.”

“ಹೋಟೆಲಿನವರೇ ಯಾರೋ ಇರಬೇಕು.”

“ಅಪರ್ಣಾ, ಬೇಡ ಅಂದೆ. ಎಲ್ಲಾ ನನ್ನ ತಲೆಗೇ ಕಟ್ಟು.”

“ಒಬ್ಬ ಮನುಷ್ಯ ಎಂಟು ವರ್ಷದಿಂದ ಒಳಗಿದ್ದಾನೆ ಮಾಮ! ‘ಆ ಸಹಿ ಹೋಟೆಲಿನಲ್ಲಿ ಹಾಕಿದ್ದು, ದಿವಾದಲ್ಲಿ ಅಲ್ಲ’ ಅಂತ ಹೇಳುವ ಒಬ್ಬರು ಸಾಕು, ಇಡೀ ಪಂಚನಾಮೆ ಬಿದ್ದುಹೋಗುತ್ತದೆ. ಅವರೆಲ್ಲೇ ಇರಲಿ, ಬದಲಾಪುರದಲ್ಲಿರಲಿ, ಮಂಗಳೂರಿನಲ್ಲಿರಲಿ, ಕಾಲಿಗೆ ಬಿದ್ದಾದರೂ ಕರೆದುಕೊಂಡು ಬರುತ್ತೇನೆ.”

ಶೆಟ್ಟರು ಸೊಸೆಯ ಮುಖ ನೋಡಿದರು. ಕಣ್ಣು ತುಂಬಿ ಬಂತು. ಆಮೇಲೆ ಆಡಿದ್ದು ತುಳುವಿನಲ್ಲಿ, ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಣೆ ಮುಟ್ಟಿ ಮಾತಾಡಿಸುತ್ತಿದ್ದ ದನಿಯಲ್ಲಿ.

“ಕರೆದುಕೊಂಡು ಹೋಗುವುದು ಬೇಡ ಮಗಾ. ಅವಳು ಹೇಗೂ ಎರಡೂಮುಕ್ಕಾಲಿಗೆ ಅಲ್ಲಿ ಇರುತ್ತಾಳೆ.”

ಅಪರ್ಣಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅಕ್ಕಿಮೂಟೆಗೆ ಕೈಯೂರಿ ನಿಂತಳು.

ಲಾ ಕಾಲೇಜಿನ ದಿನಗಳವು. ಆದಿತ್ಯವಾರ ಬೆಳಿಗ್ಗೆ ಗಲ್ಲಾದಲ್ಲಿ ಕೂರುವ ಸರದಿ ಅವಳದು. ಸುಮುಖದಲ್ಲಿ ಒಂದು ರೂಢಿಯಿತ್ತು. ಗಲ್ಲಾದಲ್ಲಿ ಕೂತವರೇ ಎಲ್ಲರ ಪರವಾಗಿ ಸಹಿ ಹಾಕುವುದು. ಒಳಗಿನವರ ಕೈ ಯಾವಾಗಲೂ ಹಿಟ್ಟಿನಲ್ಲೋ ಎಣ್ಣೆಯಲ್ಲೋ ಇರುತ್ತಿತ್ತು. ಸಿಲಿಂಡರಿನವನು ಬಂದರೆ, ಹಾಲಿನವನು ಬಂದರೆ, ಮುಂಡಪ್ಪನ ಹೆಸರಿಗೆ ಊರಿನಿಂದ ರಿಜಿಸ್ಟರ್ಡ್ ಪೋಸ್ಟ್ ಬಂದರೆ ಅಪರ್ಣಾ ಪೆನ್ನು ತೆಗೆದು ‘ಮುಂಡಪ್ಪ’ ಎಂದು ಗೀಚಿ ಕಳಿಸುತ್ತಿದ್ದಳು. ನೂರು ಸಲ ಹಾಕಿರಬಹುದು. ಯಾರಿಗೂ ಅದು ತ‍ಪ್ಪೆಂದು ಅನಿಸಿರಲಿಲ್ಲ, ಕಾನೂನು ಓದುತ್ತಿದ್ದ ಅವಳಿಗಂತೂ ಮೊದಲೇ ಇಲ್ಲ.

“ಧುಮಾಳ್ ಎರಡನೇ ಸಹಿ ಕೇಳಿದ. ಮುಂಡಪ್ಪನ ಹೆಸರು ಅವನೇ ಬರೆದುಕೊಂಡು ಬಂದಿದ್ದ, ಹಳೆ ರೂಢಿ. ನಾನು ನಿನ್ನ ಮುಂದೆ ಹಿಡಿದೆ. ನೀನು ಪುಸ್ತಕದಿಂದ ತಲೆ ಸಹ ಎತ್ತಲಿಲ್ಲ. ಪರೀಕ್ಷೆ ಹತ್ತಿರ ಇತ್ತು ನಿನಗೆ.”

ನೆನಪು ಮಾಡಿಕೊಳ್ಳಲು ಅವಳು ಎಷ್ಟು ಒದ್ದಾಡಿದರೂ ಆ ಬೆಳಗು ನೆನಪಿಗೆ ಬರಲಿಲ್ಲ. ಧುಮಾಳ್ ಇಲ್ಲ, ಜಯಶೀಲ ಇಲ್ಲ, ಕಾಗದವೂ ಇಲ್ಲ. ಒಬ್ಬನ ಎಂಟು ವರ್ಷವನ್ನು ನುಂಗಿದ ಆ ಗಳಿಗೆ ಅವಳ ತಲೆಯಲ್ಲಿ ಒಂದು ಗೆರೆಯನ್ನೂ ಉಳಿಸಿರಲಿಲ್ಲ. ಅವಳಿಗೆ ಎಲ್ಲಕ್ಕಿಂತ ನಾಚಿಕೆಯೆನಿಸಿದ್ದು ಅದೇ.

“ಈಗ ಕೇಳು,” ಶೆಟ್ಟರು ಎದ್ದು ಅವಳ ಎರಡೂ ಕೈ ಹಿಡಿದುಕೊಂಡರು. “ಮುಂಡಪ್ಪ ಸತ್ತಿದ್ದಾನೆ. ಸತ್ತಿದ್ದಾನೆ ಅಂತ ಹೇಳು, ಅದು ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸು. ಬಾಯಿ ಬಿಟ್ಟರೆ ನಿನ್ನ ಕಪ್ಪು ಕೋಟು ಹೋಗ್ತದೆ. ಕೇಸೂ ಬೀಳ್ತದೆ. ನಿನ್ನ ಅಮ್ಮ ಅದನ್ನು ನೋಡಿ ಬದುಕುವುದಿಲ್ಲ.”

“ಸೈದಪ್ಪ?”

“ಸೈದಪ್ಪ ನಿನಗೆ ಏನಾಗಬೇಕು?”

ಅಪರ್ಣಾ ಕೈ ಬಿಡಿಸಿಕೊಂಡಳು. “ಅದೇ ಗೊತ್ತಾಗುತ್ತಿಲ್ಲ ಮಾಮ,” ಅಂದು ಹೊರಟಳು. ಊಟದ ತಟ್ಟೆಗಳನ್ನು ದಾಟಿ, ಠಾಣೆಯ ಗೇಟನ್ನು ದಾಟಿ, ಸ್ಟೇಷನ್ನಿನತ್ತ ಬಿರಬಿರನೆ ನಡೆದಳು. ಮಾಮ ಹಿಂದಿನಿಂದ ಕರೆದದ್ದು ಕೇಳಿಸಿತು. ತಿರುಗಲಿಲ್ಲ.

ಡೊಂಬಿವಲಿಯಿಂದ ಕಲ್ಯಾಣ ಲೋಕಲ್‌ನಲ್ಲಿ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಅವಳು ಮೂರು ಸಲ ಮನಸ್ಸು ಬದಲಿಸಿದಳು. ಫೈಲನ್ನು ಬೇರೆ ವಕೀಲರಿಗೆ ಒಪ್ಪಿಸಿ ಕೈತೊಳೆದುಕೊಂಡರೆ? ಹೊಸಬರು ಓದಿಕೊಳ್ಳಲು ಆರು ತಿಂಗಳು ಕೇಳುತ್ತಾರೆ, ನಕಲನ್ನೇ ಓದುತ್ತಾರೆ, ಮಾಮನ ಸಾಕ್ಷಿಯ ಮೇಲೆಯೇ ವಾದ ಮಾಡುತ್ತಾರೆ. ಜಿಲ್ಲೆಯ ಮುಖ್ಯ ಸರ್ಕಾರಿ ವಕೀಲರಿಗೆ ಮೊದಲು ತಿಳಿಸೋಣವೆಂದು ಮೂರು ಸಲ ಫೋನು ಮಾಡಿದಳು. ಅವರು ಹೈಕೋರ್ಟಿನ ಒಳಗಿದ್ದರು, ಎತ್ತಲಿಲ್ಲ. ಠಾಕುರ್ಲಿ ದಾಟುವಾಗ ಅವಳಿಗೆ ಒಂದೇ ಆಸೆ ಉಳಿದಿತ್ತು. ಆ ಅಕ್ಷರ ತನ್ನದಲ್ಲದೆ ಇರಲಿ, ಮಾಮನಿಗೆ ಮರೆವಾಗಿರಲಿ ದೇವರೇ.

ಹಣಮಂತ್ರಾಯರು ಕೋರ್ಟು ಹಾಲಿನ ಬಾಗಿಲಲ್ಲೇ ಕಾಯುತ್ತಿದ್ದರು.

“ಬರ್ರಿ ಬರ್ರಿ, ಈಗ ಕರೀತಾರ. ಇದು ನೋಡ್ರಿ ಅಸಲು.”

ನೋಡಿದಳು. ‘ಮುಂಡಪ್ಪ.’ ಕೊನೆಯ ಒತ್ತಕ್ಷರದ ಬಾಲವನ್ನು ಎಡಕ್ಕೆ ಎಳೆದು ಕೆಳಗೆ ಅಡ್ಡಗೆರೆ. ಇವತ್ತಿಗೂ ಅಪರ್ಣಾ ತನ್ನ ಹೆಸರನ್ನು ಕನ್ನಡದಲ್ಲಿ ಬರೆದರೆ ಕೊನೆಗೆ ಹಾಗೆಯೇ ಒಂದು ಗೆರೆ ಎಳೆಯುತ್ತಾಳೆ.

“ಚಂದ ಅದಾವಲ್ರಿ ಅಕ್ಷರ?” ಅಂದರು ಹಣಮಂತ್ರಾಯ. “ಈಗ ಹಿಂಗ ಮಾಡ್ರಿ. ಪಂಚ ಸತ್ತಾನ ಅಂತ ಹೇಳಿ ಕುಂತುಬಿಡ್ರಿ. ನಮ್ಮ ಕೈಲೆ ಏನದ?”

ಇಬ್ಬರು ಪೇದೆಗಳ ನಡುವೆ ಸೈದಪ್ಪ ಒಳಗೆ ಬಂದ. ತೆಳ್ಳಗಿನ ಮನುಷ್ಯ, ಹೊತ್ತಿಗೆ ಮುಂಚೆ ನರೆತ ತಲೆ. ಸರ್ಕಾರದ ಕಡೆಯವಳು ತನ್ನ ವಿರುದ್ಧ ನಿಲ್ಲುವವಳೆಂದು ಅವನಿಗೆ ಎಂಟು ವರ್ಷದಲ್ಲಿ ಯಾರೂ ತಿಳಿಸಿ ಹೇಳಿರಲಿಲ್ಲವೇನೋ, ಅವಳಿಗೇ ಕೈಮುಗಿದ.

“ಇವತ್ತರ ಮುಗೀತದೇನ್ರಿ ಮೇಡಮ್?”

ಅಪರ್ಣಾ ಅಸಲು ಕಾಗದ ಹಿಡಿದುಕೊಂಡು ತನ್ನ ಮೇಜಿನತ್ತ ನಡೆದಳು.

ಕೋರ್ಟು ಹಾಲು ಅರ್ಧ ಖಾಲಿಯಿತ್ತು. ಬಲಗಡೆಯ ಬೆಂಚಿನಲ್ಲಿ ಇಸ್ತ್ರಿ ಅಂಗಿಯ ಜಯಶೀಲ ಕುಳಿತಿದ್ದ. ತಾಯಿಯ ಕೇಸಿನ ಒಂದು ತಾರೀಖನ್ನೂ ತಪ್ಪಿಸದ ಮಗ ಎಂದು ಕೋರ್ಟಿನ ಸಿಬ್ಬಂದಿ ಅವನನ್ನು ಹೊಗಳುತ್ತಿದ್ದರು. ಅಷ್ಟು ನಿಯತ್ತಿನಿಂದ ಯಾಕೆ ಬರುತ್ತಾನೆಂದು ಅಪರ್ಣಾಳಿಗೆ ಇವತ್ತು ಹೊಳೆಯಿತು.

ನ್ಯಾಯಾಧೀಶರು ಫೈಲು ತೆರೆದರು. ಕನ್ನಡಕದ ಮೇಲಿನಿಂದ ನೋಡಿದರು. ಮಾತು ಮರಾಠಿಯಲ್ಲಿ ನಡೆಯಿತು.

“ಸರ್ಕಾರದ ಕಡೆಯಿಂದ ಏನು ಹೇಳಿಕೆ? ಎರಡನೇ ಪಂಚ ಸಿಕ್ಕರೋ, ಇಲ್ಲವೋ?”

“ಕಾಗದದಲ್ಲಿರುವ ಮುಂಡಪ್ಪ ೨೦೦೯ರಲ್ಲಿ ತೀರಿಕೊಂಡಿದ್ದಾನೆ ಸ್ವಾಮಿ.”

“ಹಾಗಾದರೆ ಸರ್ಕಾರದ ಸಾಕ್ಷ್ಯ ಮುಗಿಯಿತು ಎಂದು ಬರೆದುಕೊಳ್ಳಲೇ?”

ಬೆರಳಚ್ಚುಗಾರ್ತಿ ಕೀಲಿಗಳ ಮೇಲೆ ಬೆರಳಿಟ್ಟಳು. ಹಣಮಂತ್ರಾಯರು ಸಮಾಧಾನದಿಂದ ಮುಂದಿನ ಫೈಲು ಕೈಗೆತ್ತಿಕೊಂಡರು. ‘ಹೌದು’ ಎಂಬ ಒಂದು ಮಾತು ಅಪರ್ಣಾಳ ನಾಲಗೆಯ ತುದಿಯವರೆಗೂ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

“ಇಲ್ಲ ಸ್ವಾಮಿ. ಮುಂಡಪ್ಪ ಸತ್ತಿದ್ದಾನೆ. ಆದರೆ ಅವನ ಹೆಸರಿನಲ್ಲಿ ಸಹಿ ಹಾಕಿದವರು ಬದುಕಿದ್ದಾರೆ. ಈ ಹಾಲಿನಲ್ಲೇ ಇದ್ದಾರೆ.”

ಜಯಶೀಲ ಬೆಂಚಿನಲ್ಲಿ ನೆಟ್ಟಗಾದ.

“ಯಾರು?”

ಅಪರ್ಣಾ ಕೊರಳಿನ ಬಿಳಿ ಪಟ್ಟಿಗೆ ಕೈ ಹಾಕಿದಳು. ಬಿಚ್ಚಿ, ಮಡಿಸಿ ಮೇಜಿನ ಮೇಲಿಟ್ಟಳು. ಕೋಟನ್ನೂ ಕಳಚಿ ಕುರ್ಚಿಗೆ ಹಾಕಿದಳು. ಏಳು ಹೆಜ್ಜೆ ನಡೆದು ಸಾಕ್ಷಿಯ ಕಟಕಟೆ ಹತ್ತಿದಳು.

“ನಾನು ಸ್ವಾಮಿ. ಈ ಸಹಿ ನನ್ನದು. ದಿವಾದಲ್ಲಿ ಹಾಕಿದ್ದಲ್ಲ, ಡೊಂಬಿವಲಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕುಳಿತು ಹಾಕಿದ್ದು. ಇನ್ನು ಈ ಕೇಸಿನಲ್ಲಿ ನಾನು ವಕೀಲೆಯಾಗಿ ನಿಲ್ಲಲಾರೆ. ನನ್ನನ್ನು ಸಾಕ್ಷಿಯಾಗಿ ಕೇಳಿಕೊಳ್ಳಬೇಕು.”

ಹಣಮಂತ್ರಾಯರ ಕೈಯಿಂದ ಫೈಲು ಜಾರಿ ನೆಲಕ್ಕೆ ಬಿತ್ತು. ನ್ಯಾಯಾಧೀಶರು ಏನೋ ಹೇಳಲು ಬಾಯಿ ತೆರೆದರು.

“ಸುಳ್ಳು!”

ದನಿ ಹಿಂದಿನ ಬಾಗಿಲಿನಿಂದ ಬಂತು. ಇಡೀ ಕೋರ್ಟೇ ತಿರುಗಿ ನೋಡಿತು. ಬೆವರಿ ತೊಯ್ದ ಅಂಗಿಯಲ್ಲಿ, ಏದುಸಿರು ಬಿಡುತ್ತ, ಬಾಗಿಲ ಚೌಕಟ್ಟನ್ನು ಹಿಡಿದು ತಾರಾನಾಥ ಶೆಟ್ಟರು ನಿಂತಿದ್ದರು. ಬರುವುದಿಲ್ಲವೆಂದವರು ಮುಂದಿನ ಲೋಕಲ್ ಹಿಡಿದೇ ಬಂದಿದ್ದರು.

“ಯಾರು ನೀವು?” ನ್ಯಾಯಾಧೀಶರು ಗದರಿದರು.

“ಮೊದಲನೇ ಪಂಚ, ಸಾಹೇಬ್ರೆ. ಈ ಹುಡುಗಿ ನನ್ನ ತಂಗಿಯ ಮಗಳು. ಆರೋಪಿಯ ಮೇಲೆ ಕನಿಕರ ಬಂದು ಬಾಯಿಗೆ ಬಂದದ್ದು ಹೇಳ್ತಿದ್ದಾಳೆ. ಆ ಸಹಿ ಮುಂಡಪ್ಪನದೇ. ದಿವಾದ ಖೋಲಿಯಲ್ಲಿ, ನನ್ನ ಕಣ್ಣೆದುರೇ ಹಾಕಿದ. ಬೇಕಾದ್ರೆ ಮತ್ತೆ ಆಣೆ ಮಾಡ್ತೇನೆ.”

“ಮಾಮ!”

ಶೆಟ್ಟರು ಅವಳತ್ತ ನೋಡಲಿಲ್ಲ. ಅವಳನ್ನು ಉಳಿಸಲು ಬಂದಿದ್ದರು, ಅದು ಅವಳಿಗೆ ಗೊತ್ತಾಯಿತು. ಆ ಪ್ರೀತಿಯೇ ಈಗ ಸೈದಪ್ಪನ ಕುತ್ತಿಗೆಗೆ ಹಗ್ಗವಾಗುತ್ತಿದೆಯೆಂದು ಅವರಿಗೆ ತಿಳಿಸುವ ದಾರಿ ಅವಳಿಗೆ ಕಾಣಲಿಲ್ಲ. ಬಲಗಡೆಯ ಬೆಂಚಿನಿಂದ ಜಯಶೀಲ ಮೆಲ್ಲಗೆ ಎದ್ದು, ಗೋಡೆಗುಂಟ ಪಕ್ಕದ ಬಾಗಿಲಿನತ್ತ ಸರಿಯತೊಡಗಿದ್ದ.

ನ್ಯಾಯಾಧೀಶರು ಮೊದಲು ಕಟಕಟೆಯ ಕಡೆ ನೋಡಿದರು, ಆಮೇಲೆ ಶೆಟ್ಟರ ಕಡೆ. ಪೆನ್ನನ್ನು ಕೆಳಗಿಟ್ಟರು.

“ಎರಡೂ ಬಾಗಿಲು ಹಾಕಿ,” ಅಂದರು. “ಯಾರೂ ಹೊರಗೆ ಹೋಗಕೂಡದು. ಆ ಅಸಲು ಪಂಚನಾಮೆ, ಒಂದು ಬಿಳಿ ಹಾಳೆ, ಒಂದು ಪೆನ್ನು ಇಲ್ಲಿ ತನ್ನಿ. ವಕೀಲರೇ, ನೀವು ನನ್ನೆದುರಿಗೆ ಆ ಹೆಸರು ಬರೆಯಿರಿ. ಅದಕ್ಕೆ ಮೊದಲು ಒಂದು ತಿಳಿದಿರಲಿ. ಅಕ್ಷರ ಹೊಂದಿದರೆ ಸುಳ್ಳು ಸಾಕ್ಷಿಗಾಗಿ ನಿಮ್ಮ ಮಾಮ ಇವತ್ತು ಮನೆಗೆ ಹೋಗುವುದಿಲ್ಲ. ಹೊಂದದಿದ್ದರೆ ನೀವು ಹೋಗುವುದಿಲ್ಲ.”

ಹಣಮಂತ್ರಾಯರು ತಂದು ಹಿಡಿದ ಹಾಳೆಯ ಮೇಲೆ ಅಪರ್ಣಾ ಪೆನ್ನು ಊರಿದಳು. ಹೆಸರು ಬರೆದು, ಕೊನೆಯ ಒತ್ತಕ್ಷರದ ಬಾಲವನ್ನು ಎಡಕ್ಕೆ ಎಳೆದು ಕೆಳಗೆ ಅಡ್ಡಗೆರೆ ಹಾಕಿದಳು.